ವಿಕಾಸವಾದಕ್ಕೆ ಧಾರ್ಮಿಕ ಆಕ್ಷೇಪಗಳು

ಭೂಮಿಯ ಮೇಲಿನ ಜೀವಿಗಳೆಲ್ಲ ಸಾಮಾನ್ಯ ಪೂರ್ವಜರಿಂದ ನಿಸರ್ಗದ ಕಾರಣಗಳಿಂದಲೇ ಕವಲೊಡೆದು ಬಂದಿವೆ ಎಂಬ ವೈಜ್ಞಾನಿಕ ಸಿದ್ಧಾಂತವನ್ನು ದೈವಸೃಷ್ಟಿ, ಧರ್ಮಗ್ರಂಥದ ಪ್ರಾಮಾಣ್ಯ ಅಥವಾ ಮನುಷ್ಯನ ವಿಶೇಷ ಸ್ಥಾನದ ಆಧಾರದ ಮೇಲೆ ಪೂರ್ಣವಾಗಿ ಇಲ್ಲವೇ ಭಾಗಶಃ ನಿರಾಕರಿಸುವ ವಾದಗಳನ್ನು ವಿಕಾಸವಾದಕ್ಕೆ ಧಾರ್ಮಿಕ ಆಕ್ಷೇಪಗಳು ಎನ್ನುತ್ತಾರೆ. ಈ ಲೇಖನದಲ್ಲಿ ‘ವಿಕಾಸ’ ಎಂದರೆ ಜೀವಿಗಳ ಆನುವಂಶಿಕ ಲಕ್ಷಣಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಆಗುವ ಬದಲಾವಣೆ ಮತ್ತು ಅದರಿಂದ ಹೊಸ ಪ್ರಭೇದಗಳು ಹುಟ್ಟುವ ಪ್ರಕ್ರಿಯೆ. ‘ನಿಸರ್ಗದ ಆಯ್ಕೆ’ ಎಂದರೆ ಆ ಬದಲಾವಣೆಗೆ ಚಾರ್ಲ್ಸ್ ಡಾರ್ವಿನ್ ಮತ್ತು ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ 1858ರಲ್ಲಿ ಮುಂದಿಟ್ಟ ಮುಖ್ಯ ಕಾರಣ. ‘ಸೃಷ್ಟಿವಾದ’ ಎಂದರೆ ಜೀವಪ್ರಭೇದಗಳನ್ನು, ಕನಿಷ್ಠಪಕ್ಷ ಮನುಷ್ಯನನ್ನು, ದೇವರು ನೇರವಾಗಿ ಉಂಟುಮಾಡಿದನೆಂಬ ನಿಲುವು. ದೇವರನ್ನು ನಂಬುವವರೆಲ್ಲ ಈ ಅರ್ಥದಲ್ಲಿ ಸೃಷ್ಟಿವಾದಿಗಳಲ್ಲ. ಆಧುನಿಕ ವಿಕಾಸ ಸಂಶ್ಲೇಷಣೆಯ ನಿರ್ಮಾತೃಗಳಲ್ಲೊಬ್ಬರಾದ ತಳಿವಿಜ್ಞಾನಿ ಥಿಯೊಡೋಸಿಯಸ್ ದೊಬ್‌ಜಾನ್‌ಸ್ಕಿ ಆರ್ಥೊಡಾಕ್ಸ್ ಕ್ರೈಸ್ತರಾಗಿದ್ದರು.

ಈ ಆಕ್ಷೇಪ ಎಲ್ಲ ಧರ್ಮಗಳಲ್ಲೂ ಒಂದೇ ಪ್ರಮಾಣದಲ್ಲಿಲ್ಲ. ವಿಕಾಸವಾದದ ಎಲ್ಲ ಭಾಗಗಳ ಮೇಲೂ ಅದು ಒಂದೇ ಬಲದಿಂದ ಎರಗುವುದಿಲ್ಲ. ಒಂದು ಧರ್ಮ ತನ್ನ ಪಾಪ ಮತ್ತು ಮುಕ್ತಿಯ ವಿವರಣೆಯನ್ನು ಮೊದಲ ಮನುಷ್ಯನ ಇತಿಹಾಸದ ಮೇಲೆ ಎಷ್ಟರಮಟ್ಟಿಗೆ ನಿಲ್ಲಿಸಿದೆ, ಗ್ರಂಥಕ್ಕೆ ಅರ್ಥ ಹೇಳುವ ಅಧಿಕಾರ ಅಲ್ಲಿ ಯಾರ ಕೈಯಲ್ಲಿದೆ ಎಂಬ ಎರಡು ಸಂಗತಿಗಳಿಂದಲೇ ಅದರ ತೀವ್ರತೆ ಬಹುಮಟ್ಟಿಗೆ ನಿರ್ಧಾರವಾಗಿದೆ. ಭೂಮಿಯ ವಯಸ್ಸು, ಪಳೆಯುಳಿಕೆಗಳ ನಡುವಿನ ತೆರವು, ಜೀವಕೋಶದ ಜಟಿಲತೆ ಮುಂತಾಗಿ ಸಾರ್ವಜನಿಕ ಚರ್ಚೆಯಲ್ಲಿ ಹೆಚ್ಚು ಕೇಳಿಬರುವ ವಿಷಯಗಳು ಚಾರಿತ್ರಿಕವಾಗಿ ಎರಡನೆಯ ಸಾಲಿನವು.

ಉಗಮ

ಡಾರ್ವಿನ್ನನ ‘ಆನ್ ದ ಒರಿಜಿನ್ ಆಫ್ ಸ್ಪೀಶೀಸ್’ 1859ರ ನವೆಂಬರ್‌ನಲ್ಲಿ ಪ್ರಕಟವಾಗುವ ಹೊತ್ತಿಗೆ ಭೂಮಿ ಬಹಳ ಹಳೆಯದೆಂಬ ವಿಚಾರ ಓದುಬರಹ ಬಲ್ಲ ಕ್ರೈಸ್ತರಿಗೆ ಹೊಸದಾಗಿರಲಿಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 17ನೆಯ ಶತಮಾನದಲ್ಲಿ ಲೆಕ್ಕ ಹಾಕಿ ಸೃಷ್ಟಿಯನ್ನು ಕ್ರಿ.ಪೂ. 4004ಕ್ಕೆ ನಿಲ್ಲಿಸಿದ್ದ. ಆದರೆ ಸ್ಕಾಟ್ಲೆಂಡಿನ ದೇವತಾಶಾಸ್ತ್ರಜ್ಞ ಥಾಮಸ್ ಚಾಮರ್ಸ್ 1814ರಷ್ಟು ಹಿಂದೆಯೇ ಬೈಬಲ್ಲಿನ ಆದಿಕಾಂಡದ ಮೊದಲೆರಡು ವಚನಗಳ ನಡುವೆ ಎಣಿಸಲಾರದಷ್ಟು ಕಾಲ ಕಳೆದಿರಬಹುದೆಂದು ವಾದಿಸಿದ್ದ. ಸೃಷ್ಟಿಯ ಒಂದೊಂದು ದಿನವನ್ನೂ ಒಂದೊಂದು ಯುಗವೆಂದು ಓದುವವರೂ ಇದ್ದರು. ಭೂವಿಜ್ಞಾನದೊಂದಿಗೆ ಹೀಗೆ ರಾಜಿ ಮಾಡಿಕೊಂಡವರು ಡಾರ್ವಿನ್ ಎದುರು ತಡೆದು ನಿಂತದ್ದಕ್ಕೆ ಕಾರಣ ಬೇರೆ. ವಿಲಿಯಂ ಪೇಲಿಯ ‘ನ್ಯಾಚುರಲ್ ಥಿಯಾಲಜಿ’ (1802) ಕಣ್ಣಿನಂಥ ಅಂಗದ ಕುಶಲ ರಚನೆಯನ್ನೇ ರಚನಾಕಾರನಿರುವುದಕ್ಕೆ ಸಾಕ್ಷಿಯಾಗಿಸಿತ್ತು. ನಿಸರ್ಗದ ಆಯ್ಕೆ ಅದೇ ಕುಶಲತೆಗೆ ರಚನಾಕಾರನನ್ನು ಬೇಡದ ವಿವರಣೆ ಕೊಟ್ಟಿತು. ಮನುಷ್ಯನ ಬಗ್ಗೆ 1859ರಲ್ಲಿ ಡಾರ್ವಿನ್ ಆಡಿದ್ದು ಹೆಚ್ಚುಕಡಿಮೆ ಒಂದೇ ಮಾತು. 1871ರ ‘ದ ಡಿಸೆಂಟ್ ಆಫ್ ಮ್ಯಾನ್’ ಆ ಮಾತನ್ನು ಪೂರ್ತಿ ಬಿಡಿಸಿಟ್ಟಿತು.

ಆಕ್ಸ್‌ಫರ್ಡ್‌ನಲ್ಲಿ 1860ರ ಜೂನ್ 30ರಂದು ಬಿಷಪ್ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್ ಮತ್ತು ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ನಡುವೆ ನಡೆದ ವಾಗ್ವಾದ ಧರ್ಮ ಮತ್ತು ವಿಜ್ಞಾನಗಳ ಸಮರವೆಂದೇ ಪ್ರಸಿದ್ಧವಾಗಿದೆ. ಅದರ ಬಹುಪಾಲು ರೋಚಕ ವಿವರಗಳು ನಂತರದ ನೆನಪುಗಳಲ್ಲಿ ಬೆಳೆದವು. ವಿಲ್ಬರ್‌ಫೋರ್ಸ್ ಅದೇ ವರ್ಷ ಬರೆದ ದೀರ್ಘ ವಿಮರ್ಶೆಯಲ್ಲಿ ಹೆಚ್ಚಿನ ಭಾಗ ಅಂದಿನ ಜೀವವಿಜ್ಞಾನದ ತಕರಾರುಗಳೇ. ಸಿದ್ಧಾಂತದ ಇತಿಹಾಸದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು ಅಮೆರಿಕದ ಪ್ರಿನ್ಸ್‌ಟನ್ ದೇವತಾಶಾಸ್ತ್ರಜ್ಞ ಚಾರ್ಲ್ಸ್ ಹಾಜ್ 1874ರಲ್ಲಿ ಬರೆದ ‘ವಾಟ್ ಈಸ್ ಡಾರ್ವಿನಿಸಮ್?’. ಪ್ರಭೇದಗಳು ಬದಲಾಗುತ್ತವೆ ಎಂಬುದು ಹಾಜ್‌ಗೆ ಅಷ್ಟೇನೂ ದೊಡ್ಡ ಸಮಸ್ಯೆಯಾಗಿರಲಿಲ್ಲ. ಆ ಬದಲಾವಣೆಯ ಹಿಂದೆ ಯಾರ ಉದ್ದೇಶವೂ ಇಲ್ಲ ಎಂಬುದನ್ನೇ ಆತ ನಾಸ್ತಿಕತೆ ಎಂದು ಕರೆದದ್ದು. ಹಾರ್ವರ್ಡ್‌ನ ಸಸ್ಯವಿಜ್ಞಾನಿ, ನಿಷ್ಠಾವಂತ ಪ್ರೆಸ್ಬಿಟೇರಿಯನ್ ಏಸಾ ಗ್ರೇ ಡಾರ್ವಿನ್ನನ ಪರವಾಗಿ ನಿಂತು, ಉದ್ದೇಶ ನಿಸರ್ಗದ ಆಯ್ಕೆಯೊಳಗೇ ಇರಬಹುದೆಂದ. ಡಾರ್ವಿನ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಕಂಬಳಿಹುಳುವಿನ ಜೀವಂತ ಒಡಲಲ್ಲೇ ಮರಿಗಳನ್ನು ಬೆಳೆಸುವ ಕಣಜವನ್ನು ದಯಾಳುವಾದ ದೇವರು ಬೇಕೆಂದೇ ಮಾಡಿದನೆಂದು ನಂಬಲಾರೆ ಎಂಬರ್ಥದಲ್ಲಿ ಆತ ಗ್ರೇಗೆ ಬರೆದ 1860ರ ಪತ್ರ, ದುಃಖದ ಸಮಸ್ಯೆಯನ್ನು ಈ ಚರ್ಚೆಯೊಳಕ್ಕೆ ಶಾಶ್ವತವಾಗಿ ತಂದಿತು.

ಆಕ್ಷೇಪದ ರಚನೆ

ಆಕ್ಷೇಪದಲ್ಲಿ ಹಲವು ಪದರಗಳಿವೆ. ಮೇಲ್ನೋಟಕ್ಕೆ ಕಾಣುವುದು ಗ್ರಂಥದ ಅಕ್ಷರಾರ್ಥ: ಆರು ದಿನಗಳ ಸೃಷ್ಟಿ, ಪ್ರಾಣಿಗಳು ತಂತಮ್ಮ ಜಾತಿಗನುಸಾರ ಹುಟ್ಟಿದ್ದು, ನೋಹನ ಜಲಪ್ರಳಯ. ಈ ಪದರ ಬಹಳ ಹಿಂದಿನಿಂದಲೂ ಬಾಗುತ್ತ ಬಂದಿದೆ. ಸಂತ ಅಗಸ್ಟಿನ್ 5ನೆಯ ಶತಮಾನದ ಆರಂಭದಲ್ಲೇ ಸೃಷ್ಟಿಯ ದಿನಗಳನ್ನು ಸೂರ್ಯನ ದಿನಗಳೆಂದು ಓದಬೇಕಿಲ್ಲವೆಂದಿದ್ದ. ಅದರ ಕೆಳಗಿನ ಪದರ ಅಷ್ಟು ಸುಲಭವಾಗಿ ಬಾಗುವುದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯ ಒಬ್ಬ ಮನುಷ್ಯನಿಂದ ಪಾಪವೂ ಮರಣವೂ ಲೋಕಕ್ಕೆ ಬಂದವೆಂದು ಹೇಳಿ, ಆ ಒಬ್ಬನಿಗೆ ಎದುರಾಗಿ ಕ್ರಿಸ್ತನನ್ನು ನಿಲ್ಲಿಸುತ್ತದೆ. ಅಗಸ್ಟಿನ್ ಇದರಿಂದ ಬೆಳೆಸಿದ ಮೂಲಪಾಪದ ಸಿದ್ಧಾಂತ ಪಾಶ್ಚಾತ್ಯ ಕ್ರೈಸ್ತಧರ್ಮದ ವಿಮೋಚನೆಯ ಕಲ್ಪನೆಗೆ ಅಡಿಪಾಯವಾಯಿತು. ಆದಾಮನೆಂಬ ವ್ಯಕ್ತಿ ಇತಿಹಾಸದಲ್ಲಿ ಇರದಿದ್ದರೆ ಪತನ ಯಾವುದು, ಪತನವಿರದಿದ್ದರೆ ವಿಮೋಚನೆ ಯಾವುದರಿಂದ ಎಂಬ ಪ್ರಶ್ನೆಗೆ ಬದಲಿ ಉತ್ತರ ಕಟ್ಟುವುದು ಒಂದೆರಡು ವಚನಗಳನ್ನು ರೂಪಕವೆನ್ನುವಷ್ಟು ಸಲೀಸಲ್ಲ. ಪಳೆಯುಳಿಕೆಗಳ ಪ್ರಕಾರ ಮನುಷ್ಯ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಸಾವು, ಬೇಟೆ, ರೋಗ ಇದ್ದವು. ಮರಣ ಪಾಪದ ಫಲವೆಂಬ ಬೋಧನೆಯನ್ನು ಪ್ರಾಣಿಗಳಿಗೂ ಅನ್ವಯಿಸುವ ಪಂಥಗಳಿಗೆ ಇದು ನೇರ ಪೆಟ್ಟು.

ಮೂರನೆಯದು ಮನುಷ್ಯನ ಸ್ಥಾನಕ್ಕೆ ಸಂಬಂಧಿಸಿದ್ದು. ಮನುಷ್ಯ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನೆಂಬುದರಿಂದಲೇ ಅವನ ಘನತೆ, ನೈತಿಕ ಹೊಣೆ, ಆತ್ಮ ಇವು ಸಿದ್ಧಿಸುತ್ತವೆಂದು ನಂಬುವವರಿಗೆ ಪ್ರಾಣಿಮೂಲದ ಕಥೆ ನೀತಿಯನ್ನೇ ಅಲುಗಿಸುವಂತೆ ಕಾಣುತ್ತದೆ. ಈ ಭಯಕ್ಕೆ ಚಾರಿತ್ರಿಕ ನೆಪವೂ ಇತ್ತು. ಮೂರು ಬಾರಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತ ವಿಲಿಯಂ ಜೆನಿಂಗ್ಸ್ ಬ್ರಯನ್ ಮೊದಲ ಮಹಾಯುದ್ಧದ ಬಳಿಕ ವಿಕಾಸವಾದದ ವಿರುದ್ಧ ದೇಶ ಸುತ್ತಿದ್ದು, ಜರ್ಮನ್ ಯುದ್ಧದಾಹಕ್ಕೆ ‘ಬಲ್ಲಿದನೇ ಬದುಕುವನು’ ಎಂಬ ತತ್ತ್ವ ಕಾರಣವೆಂಬ ನಂಬಿಕೆಯಿಂದ. ಅಮೆರಿಕದ ಶಾಲೆಗಳಲ್ಲಿ ಆಗ ಬಳಕೆಯಲ್ಲಿದ್ದ ಜಾರ್ಜ್ ಹಂಟರ್‌ನ ‘ಎ ಸಿವಿಕ್ ಬಯಾಲಜಿ’ (1914) ವಿಕಾಸದ ಜೊತೆಗೆ ಸುಜನನವಾದವನ್ನೂ, ಜನಾಂಗಗಳ ಮೇಲುಕೀಳನ್ನೂ ಬೋಧಿಸುತ್ತಿತ್ತು. ಡಾರ್ವಿನ್ನನ ಸಿದ್ಧಾಂತದಿಂದ ಈ ತೀರ್ಮಾನಗಳು ತರ್ಕಬದ್ಧವಾಗಿ ಹೊರಡುವುದಿಲ್ಲ. ನಿಸರ್ಗದಲ್ಲಿ ಏನು ನಡೆಯುತ್ತದೆ ಎಂಬುದು ಸಮಾಜದಲ್ಲಿ ಏನು ನಡೆಯಬೇಕು ಎಂದು ಹೇಳಲಾರದು. ಆದರೂ ಆ ತೀರ್ಮಾನಗಳನ್ನು ವಿಜ್ಞಾನದ ಹೆಸರಲ್ಲಿ ಮಂಡಿಸಿದವರು ವಿಜ್ಞಾನಿಗಳ ಸಾಲಿನಲ್ಲೇ ಇದ್ದರು.

ಸೃಷ್ಟಿವಾದದ ಬಗೆಗಳು

ಇಂದು ಸೃಷ್ಟಿವಾದವೆಂದೊಡನೆ ನೆನಪಾಗುವುದು ಯುವಭೂಮಿ ಸೃಷ್ಟಿವಾದ. ಭೂಮಿಗೆ ಆರರಿಂದ ಹತ್ತು ಸಾವಿರ ವರ್ಷ ವಯಸ್ಸು, ಶಿಲಾಸ್ತರಗಳೂ ಪಳೆಯುಳಿಕೆಗಳೂ ನೋಹನ ಪ್ರಳಯದ ಕೆಲಸ ಎಂಬುದು ಅದರ ಸಾರ. ವಿಕಿರಣಮಾಪನದಿಂದ ಸಿದ್ಧವಾಗಿರುವ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಈ ಸೃಷ್ಟಿವಾದ ಪುರಾತನ ನಂಬಿಕೆಯ ನೇರ ಮುಂದುವರಿಕೆಯಂತೆ ಕಂಡರೂ ಅದರ ಇಂದಿನ ರೂಪ ಹುಟ್ಟಿದ್ದು 20ನೆಯ ಶತಮಾನದಲ್ಲಿ. ಮೂಲಭೂತವಾದಿ ಪ್ರಾಟೆಸ್ಟಂಟ್ ಚಳವಳಿಗೆ ಹೆಸರು ಕೊಟ್ಟ ‘ದ ಫಂಡಮೆಂಟಲ್ಸ್’ ಪುಸ್ತಿಕೆಗಳಲ್ಲಿ (1910–15) ಜೇಮ್ಸ್ ಆರ್‌ನಂಥ ಲೇಖಕರು ಹಳೆಯ ಭೂಮಿಯನ್ನೂ ಮಿತಿಯೊಳಗಿನ ವಿಕಾಸವನ್ನೂ ಒಪ್ಪಿದ್ದರು. ಗ್ರಂಥದಲ್ಲಿ ತಪ್ಪೇ ಇಲ್ಲವೆಂದು ಸಾಧಿಸಿದ ದೇವತಾಶಾಸ್ತ್ರಜ್ಞ ಬಿ.ಬಿ. ವಾರ್‌ಫೀಲ್ಡ್ ಕೂಡ ವಿಕಾಸಕ್ಕೆ ಬಾಗಿಲು ಮುಚ್ಚಿರಲಿಲ್ಲ. ಪ್ರಳಯ ಭೂವಿಜ್ಞಾನವನ್ನು ವ್ಯವಸ್ಥಿತವಾಗಿ ಕಟ್ಟಿದವನು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಜಾರ್ಜ್ ಮೆಕ್ರೆಡಿ ಪ್ರೈಸ್ (‘ದ ನ್ಯೂ ಜಿಯಾಲಜಿ’, 1923). ಆ ಪಂಥ ಏಳನೆಯ ದಿನದ ವಿಶ್ರಾಂತಿಯನ್ನೇ ಗುರುತಾಗಿಸಿಕೊಂಡದ್ದರಿಂದ ಸೃಷ್ಟಿಯ ವಾರ ಅದಕ್ಕೆ ಅಕ್ಷರಶಃ ವಾರವೇ ಆಗಬೇಕಿತ್ತು. ಜಾನ್ ವಿಟ್‌ಕಂಬ್ ಮತ್ತು ಜಲಶಾಸ್ತ್ರದ ಎಂಜಿನಿಯರ್ ಹೆನ್ರಿ ಮಾರಿಸ್ 1961ರ ‘ದ ಜೆನೆಸಿಸ್ ಫ್ಲಡ್’ ಮೂಲಕ ಪ್ರೈಸ್‌ನ ವಾದವನ್ನು ಇತರ ಪ್ರಾಟೆಸ್ಟಂಟರ ನಡುವೆ ಹರಡಿದರು.

ಪ್ರಾಚೀನಭೂಮಿ ಸೃಷ್ಟಿವಾದ ಭೂವಿಜ್ಞಾನವನ್ನು ಒಪ್ಪಿ, ಪ್ರಭೇದಗಳ ಸಾಮಾನ್ಯ ಪೂರ್ವಜತೆಯನ್ನು ನಿರಾಕರಿಸುತ್ತದೆ. ಬುದ್ಧಿಪೂರ್ವಕ ವಿನ್ಯಾಸವಾದ 1990ರ ದಶಕದಲ್ಲಿ ಕಾನೂನು ಪ್ರಾಧ್ಯಾಪಕ ಫಿಲಿಪ್ ಜಾನ್ಸನ್ ಮತ್ತು ಜೀವರಸಾಯನಶಾಸ್ತ್ರಜ್ಞ ಮೈಕೆಲ್ ಬಿಹಿ ಮೂಲಕ ಬಲಗೊಂಡಿತು. ಒಂದು ಭಾಗ ತೆಗೆದರೂ ಕೆಟ್ಟುನಿಲ್ಲುವ ಜೈವಿಕ ಯಂತ್ರಗಳು ಹಂತಹಂತವಾಗಿ ಹುಟ್ಟಲಾರವು ಎಂಬುದು ಬಿಹಿಯ ವಾದ. ಭಾಗಗಳು ಮೊದಲು ಬೇರೊಂದು ಕೆಲಸಕ್ಕಿದ್ದು ನಂತರ ಹೊಸ ಕೆಲಸಕ್ಕೆ ಒದಗಬಲ್ಲವಾದ್ದರಿಂದ ಜೀವವಿಜ್ಞಾನಿಗಳು ಇದನ್ನು ಒಪ್ಪಿಲ್ಲ. ವಿಕಾಸವನ್ನೇ ದೇವರ ಸೃಷ್ಟಿವಿಧಾನವೆಂದು ಕಾಣುವ ಆಸ್ತಿಕ ವಿಕಾಸವಾದ ಆಕ್ಷೇಪಗಳ ಪಟ್ಟಿಗೆ ಸೇರುವುದಿಲ್ಲ. ಅದು ಆಕ್ಷೇಪಕ್ಕೆ ಧರ್ಮದೊಳಗಿಂದ ಬಂದ ಉತ್ತರ.

ಧರ್ಮಗಳ ನಡುವಿನ ವ್ಯತ್ಯಾಸ

ಗ್ರಂಥಕ್ಕೆ ಅರ್ಥ ಹೇಳುವ ಕೇಂದ್ರ ಅಧಿಕಾರವಿರುವ ಕಥೋಲಿಕ ಸಭೆ ವಿಕಾಸವನ್ನು ಅಳೆದು ತೂಗಿ ಒಳಗೆ ಬಿಟ್ಟುಕೊಂಡ ರೀತಿ ಮೇಲಿನ ವಿವರಣೆಗೆ ಒಳ್ಳೆಯ ಪರೀಕ್ಷೆ. ಪೋಪ್ 12ನೆಯ ಪಯಸ್ 1950ರ ‘ಹುಮಾನಿ ಜೆನೆರಿಸ್’ ಪತ್ರದಲ್ಲಿ ಮಾನವ ದೇಹ ಮುಂಚೆ ಇದ್ದ ಜೀವಿಗಳಿಂದ ಬಂದಿರಬಹುದೇ ಎಂದು ವಿಚಾರಿಸಲು ಅನುಮತಿ ಕೊಟ್ಟರು. ಆತ್ಮವನ್ನು ದೇವರು ನೇರವಾಗಿ ಸೃಷ್ಟಿಸುತ್ತಾನೆಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮನುಷ್ಯಕುಲ ಒಬ್ಬ ಆದಾಮನಿಂದಲ್ಲದೆ ಅನೇಕ ಮೂಲಪುರುಷರಿಂದ ಬಂದಿತೆಂಬ ಅಭಿಪ್ರಾಯ ಮೂಲಪಾಪದ ಬೋಧನೆಯೊಂದಿಗೆ ಹೇಗೆ ಹೊಂದುತ್ತದೆಂಬುದು ಕಾಣದು ಎಂದು ಅದಕ್ಕೆ ತಡೆಯೊಡ್ಡಿದರು. ಭೂಮಿಯ ವಯಸ್ಸನ್ನೂ ಪ್ರಾಣಿಗಳ ವಿಕಾಸವನ್ನೂ ಸಲೀಸಾಗಿ ಬಿಟ್ಟುಕೊಟ್ಟ ಸಭೆ ಗೆರೆ ಎಳೆದದ್ದು ಆದಾಮನ ಬಳಿ. ಎರಡನೆಯ ಜಾನ್ ಪಾಲ್ 1996ರಲ್ಲಿ ವಿಕಾಸ ಬರೀ ಊಹಾಸಿದ್ಧಾಂತಕ್ಕಿಂತ ಹೆಚ್ಚಿನದೆಂದು ಪೊಂಟಿಫಿಕಲ್ ವಿಜ್ಞಾನ ಅಕಾಡೆಮಿಗೆ ಬರೆದಾಗಲೂ ಆತ್ಮದ ಷರತ್ತನ್ನು ಉಳಿಸಿಕೊಂಡರು.

ಇಸ್ಲಾಂನಲ್ಲಿ ಮೂಲಪಾಪವಿಲ್ಲ, ಸೃಷ್ಟಿಯ ದಿನಗಳನ್ನು ಇಂತಿಷ್ಟು ಗಂಟೆಗಳೆಂದು ಓದಬೇಕೆಂಬ ಒತ್ತಾಯವೂ ಇಲ್ಲ. ಅದರಿಂದ ಹಳೆಯ ಭೂಮಿ ಅಲ್ಲಿ ವಿವಾದವಾಗಲಿಲ್ಲ. ಆದರೆ ಆದಾಮ ಮಣ್ಣಿನಿಂದ ನೇರವಾಗಿ ರೂಪುಗೊಂಡ ಪ್ರವಾದಿ. ಆಕ್ಷೇಪ ಕೇಂದ್ರೀಕೃತವಾದದ್ದು ಅಲ್ಲೇ. ಜಮಾಲುದ್ದೀನ್ ಅಲ್-ಅಫ್ಘಾನಿ 1880–81ರ ಸುಮಾರಿಗೆ ಹೈದರಾಬಾದಿನಲ್ಲಿದ್ದಾಗ ಪರ್ಷಿಯನ್‌ನಲ್ಲಿ ಭೌತವಾದಿಗಳ ಖಂಡನೆಯೊಂದನ್ನು ಬರೆದು ಡಾರ್ವಿನ್ನನನ್ನು ಗೇಲಿ ಮಾಡಿದ. ಅದರ ಗುರಿ ಲಂಡನ್ ಅಲ್ಲ, ನಿಸರ್ಗನಿಯಮಗಳಿಗೆ ಅನುಗುಣವಾಗಿ ಕುರಾನನ್ನು ಓದುತ್ತಿದ್ದ ಸರ್ ಸಯ್ಯದ್ ಅಹಮದ್ ಖಾನರ ಅನುಯಾಯಿಗಳು. ಟ್ರಿಪೊಲಿಯ ವಿದ್ವಾಂಸ ಹುಸೇನ್ ಅಲ್-ಜಿಸ್ರ್ 1888ರಲ್ಲಿ, ಪುರಾವೆ ಖಚಿತವಾದರೆ ವಚನಗಳನ್ನು ಹೊಸದಾಗಿ ಅರ್ಥೈಸಬಹುದೆಂದ. ಟರ್ಕಿ 1980ರ ದಶಕದಲ್ಲಿ ಅಮೆರಿಕದ ಸೃಷ್ಟಿವಾದಿ ಸಾಹಿತ್ಯವನ್ನು ತರಿಸಿಕೊಂಡಾಗ ಅಲ್ಲಿನ ಲೇಖಕರು ವಿನ್ಯಾಸದ ವಾದವನ್ನು ಇಟ್ಟುಕೊಂಡು ಯುವಭೂಮಿಯನ್ನು ಕೈಬಿಟ್ಟರು. ಹಾರುನ್ ಯಹ್ಯಾ ಹೆಸರಿನ ‘ಅಟ್ಲಾಸ್ ಆಫ್ ಕ್ರಿಯೇಷನ್’ ಕೋಟ್ಯಂತರ ವರ್ಷದ ಪಳೆಯುಳಿಕೆಗಳ ವಯಸ್ಸನ್ನು ಒಪ್ಪಿಕೊಂಡೇ ವಿಕಾಸವನ್ನು ಅಲ್ಲಗಳೆಯುತ್ತದೆ. ಯೆಹೂದಿಗಳಲ್ಲಿ ರಬ್ಬಿ ಅಬ್ರಹಾಂ ಕೂಕ್ ವಿಕಾಸವನ್ನು ಸ್ವಾಗತಿಸಿದರೆ, ಕಟ್ಟಾ ಸಂಪ್ರದಾಯಸ್ಥ ರಬ್ಬಿಗಳು 2000ದ ದಶಕದಲ್ಲಿ ವಿಕಾಸವನ್ನೂ ಹಳೆಯ ಭೂಮಿಯನ್ನೂ ಸಮರ್ಥಿಸಿದ ರಬ್ಬಿ ನಾಟನ್ ಸ್ಲಿಫ್ಕಿನ್‌ನ ಪುಸ್ತಕಗಳನ್ನು ನಿಷೇಧಿಸಿದರು.

ಹಿಂದೂ ಪರಂಪರೆಯಲ್ಲಿ ಕಲ್ಪದ ಅವಧಿ 432 ಕೋಟಿ ವರ್ಷ. 84 ಲಕ್ಷ ಯೋನಿಗಳಲ್ಲಿ ಸಂಚರಿಸುವ ಜೀವಕ್ಕೆ ಮನುಷ್ಯ ಮತ್ತು ಪ್ರಾಣಿಗಳ ನಡುವೆ ದಾಟಲಾರದ ಗೋಡೆ ಇಲ್ಲ. ಮುಕ್ತಿಗೆ ಮೊದಲ ಮನುಷ್ಯನ ಕಥೆಯೂ ಬೇಕಿಲ್ಲ. ಆಕ್ಷೇಪ ಇಲ್ಲಿ ದುರ್ಬಲವಾಗಿರುವುದು ಅದರಿಂದಲೇ. ವಿವೇಕಾನಂದರು ಪತಂಜಲಿಯ ಯೋಗಸೂತ್ರದಲ್ಲಿ ವಿಕಾಸದ ಸೂಚನೆ ಕಂಡರು. ಮತ್ಸ್ಯದಿಂದ ಮನುಷ್ಯರೂಪದವರೆಗಿನ ದಶಾವತಾರವನ್ನು ವಿಕಾಸದ ಮುನ್ಸೂಚನೆಯೆಂದು ಓದುವ ಪದ್ಧತಿ 19ನೆಯ ಶತಮಾನದಲ್ಲೇ ಹುಟ್ಟಿತು. ಈ ಓದಿನಲ್ಲಿ ಒಪ್ಪಿಗೆಯ ಮಾತಿದ್ದರೂ ವಿಕಾಸವಿಲ್ಲ. ಮನುಷ್ಯನೇ ತುದಿಯಾಗಿರುವ ಏಣಿಯ ಕಲ್ಪನೆ ಡಾರ್ವಿನ್ನನ ಕವಲುಮರಕ್ಕೆ ವಿರುದ್ಧ. ನೇರ ನಿರಾಕರಣೆ ಬಂದದ್ದು ಮುಖ್ಯವಾಗಿ ಚೈತನ್ಯವೇ ಜಡಕ್ಕೆ ಮೂಲವೆಂದು ಬೋಧಿಸುವ ಇಸ್ಕಾನ್ ವಲಯದಿಂದ. ಮೈಕೆಲ್ ಕ್ರೆಮೊ ಮತ್ತು ರಿಚರ್ಡ್ ಥಾಂಪ್ಸನ್ 1993ರ ‘ಫರ್ಬಿಡನ್ ಆರ್ಕಿಯಾಲಜಿ’ಯಲ್ಲಿ ಮನುಷ್ಯ ಕೋಟ್ಯಂತರ ವರ್ಷಗಳಿಂದ ಇದ್ದಾನೆಂದು ವಾದಿಸಿದರು. ಯುವಭೂಮಿ ಸೃಷ್ಟಿವಾದಿಗಳಿಗೆ ಭೂವಿಜ್ಞಾನದ ಕಾಲ ಅತಿ ದೀರ್ಘ, ಇವರಿಗೆ ಮಾನವನ ಕಾಲ ಅತಿ ಹ್ರಸ್ವ.

ಶಾಲೆ ಮತ್ತು ನ್ಯಾಯಾಲಯ

ಡಾರ್ವಿನ್ ಕಾಲದಲ್ಲಿ ಪಂಡಿತರ ಚರ್ಚೆಯಾಗಿದ್ದದ್ದು 1920ರ ದಶಕದಲ್ಲಿ ಜನಚಳವಳಿಯಾಗಲು ಶಾಲೆ ಕಾರಣ. ಅಮೆರಿಕದ ಪ್ರೌಢಶಾಲೆಗಳಲ್ಲಿ 1890ರಲ್ಲಿ ಸುಮಾರು 2 ಲಕ್ಷವಿದ್ದ ವಿದ್ಯಾರ್ಥಿಗಳು 1920ರ ಹೊತ್ತಿಗೆ ಸುಮಾರು 20 ಲಕ್ಷವಾದರು. ವಿಕಾಸದ ಪಾಠ ಮೊದಲ ಬಾರಿಗೆ ಹಳ್ಳಿಯ ಮನೆಗಳನ್ನು ತಲುಪಿತು. ಟೆನೆಸಿ ರಾಜ್ಯದ 1925ರ ಬಟ್ಲರ್ ಕಾಯ್ದೆ ನಿಷೇಧಿಸಿದ್ದು ಮನುಷ್ಯ ಕೆಳವರ್ಗದ ಪ್ರಾಣಿಗಳಿಂದ ಬಂದನೆಂಬ ಬೋಧನೆಯನ್ನು. ಸಸ್ಯಗಳ ಬಗ್ಗೆ, ಶಿಲೆಗಳ ಬಗ್ಗೆ ಅದಕ್ಕೆ ಚಿಂತೆಯಿರಲಿಲ್ಲ. ಡೇಟನ್ ಊರಿನಲ್ಲಿ ಅದೇ ವರ್ಷದ ಜುಲೈನಲ್ಲಿ ನಡೆದ ವಿಚಾರಣೆಯಲ್ಲಿ ಶಿಕ್ಷಕ ಜಾನ್ ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ಮೇಲಿನ ನ್ಯಾಯಾಲಯ 1927ರಲ್ಲಿ ತಾಂತ್ರಿಕ ಕಾರಣಕ್ಕೆ ಅದನ್ನು ರದ್ದುಮಾಡಿತು. ಕಾಯ್ದೆ ಮಾತ್ರ 1967ರವರೆಗೆ ಉಳಿಯಿತು. ಆ ವಿಚಾರಣೆಯಲ್ಲಿ ಸಾಕ್ಷಿಕಟ್ಟೆ ಹತ್ತಿದ ಬ್ರಯನ್, ಸೃಷ್ಟಿಯ ದಿನಗಳು 24 ಗಂಟೆಯವೇ ಆಗಬೇಕಿಲ್ಲವೆಂದು ಒಪ್ಪಿದ. ವಿಚಾರಣೆಯನ್ನು ಆಧರಿಸಿದ ನಾಟಕ ಮತ್ತು ಸಿನಿಮಾ ಇದನ್ನು ಸೋಲಾಗಿ ತೋರಿಸಿದರೂ ಅದು ಆತನ ಹಳೆಯ ನಿಲುವೇ.

ವಿಕಾಸ ಬೋಧನೆಯ ನಿಷೇಧವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1968ರಲ್ಲಿ ಅಸಾಂವಿಧಾನಿಕವೆಂದಿತು. ‘ಸೃಷ್ಟಿವಿಜ್ಞಾನ’ಕ್ಕೆ ಸಮಾನ ಸಮಯ ಕೊಡುವ ಕಾಯ್ದೆಯನ್ನು 1987ರಲ್ಲಿ ತಳ್ಳಿಹಾಕಿತು. ಅದಕ್ಕೂ ಮುನ್ನ ಅರ್ಕನ್ಸಾಸ್‌ನಲ್ಲಿ ಅಂಥದೇ ಕಾಯ್ದೆಯನ್ನು ಪ್ರಶ್ನಿಸಿ ಗೆದ್ದ 1982ರ ಮೊಕದ್ದಮೆಯ ಮುಖ್ಯ ಫಿರ್ಯಾದಿ ಒಬ್ಬ ಮೆಥೊಡಿಸ್ಟ್ ಪಾದ್ರಿ, ಜೊತೆಗೆ ಹಲವು ಪಂಥಗಳ ಧರ್ಮಗುರುಗಳಿದ್ದರು. ಪೆನ್ಸಿಲ್ವೇನಿಯದ ಡೋವರ್ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ ಬುದ್ಧಿಪೂರ್ವಕ ವಿನ್ಯಾಸವಾದವನ್ನು ವಿಜ್ಞಾನವಲ್ಲವೆಂದು ತೀರ್ಮಾನಿಸಿದರು. ಆ ವಾದದ ಪಠ್ಯಪುಸ್ತಕದ ಕರಡುಗಳಲ್ಲಿ 1987ರ ತೀರ್ಪಿನ ನಂತರ ‘ಸೃಷ್ಟಿ’ ಇದ್ದಲ್ಲೆಲ್ಲ ‘ವಿನ್ಯಾಸ’ ಬಂದು ಕೂತಿತ್ತು. ಆ ಬದಲಾವಣೆಯ ಗಡಿಬಿಡಿಯಲ್ಲಿ ಎರಡು ಪದಗಳು ಬೆಸೆದುಹೋದ ಒಂದು ಅಚ್ಚಿನ ತಪ್ಪು ನ್ಯಾಯಾಲಯದ ದಾಖಲೆ ಸೇರಿದೆ.

ಪ್ರತಿವಾದಗಳು

ಧಾರ್ಮಿಕ ಆಕ್ಷೇಪ ಬರೀ ಅಜ್ಞಾನದ ಫಲವೆಂದು ಹೇಳುವವರಿದ್ದಾರೆ. ಶಿಕ್ಷಣ ಹೆಚ್ಚಿದಂತೆ ಒಪ್ಪಿಗೆ ಹೆಚ್ಚುವುದು ಸಾಮಾನ್ಯವಾಗಿ ನಿಜವಾದರೂ ಚಳವಳಿಯ ನಾಯಕರಿಗೆ ಈ ಮಾತು ಅನ್ವಯಿಸುವುದಿಲ್ಲ. ಹಾರ್ವರ್ಡ್‌ನಲ್ಲಿ ವಿಕಾಸವಾದಿ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದ ಕರ್ಟ್ ವೈಸ್ ಯುವಭೂಮಿ ಸೃಷ್ಟಿವಾದಿಯಾಗಿಯೇ ಉಳಿದರು. ಜಗತ್ತಿನ ಎಲ್ಲ ಪುರಾವೆ ತಿರುಗಿಬಿದ್ದರೂ ಗ್ರಂಥ ಹೇಳುವುದರಿಂದ ತಮ್ಮ ನಿಲುವು ಅದೇ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಇನ್ನೊಂದು ಕಡೆಯಿಂದ, ಆಕ್ಷೇಪ ಶುದ್ಧ ವೈಜ್ಞಾನಿಕವೆಂದು ಸೃಷ್ಟಿವಾದಿಗಳು ಹೇಳುತ್ತಾರೆ. ಹಾಗಿದ್ದಿದ್ದರೆ ಅವರ ಸಂದೇಹ ಬದಲಾವಣೆಯ ವೇಗದ ಮೇಲೆ, ಪ್ರಮಾಣದ ಮೇಲೆ ಎಲ್ಲ ಜೀವಿಗಳ ವಿಷಯದಲ್ಲೂ ಸಮನಾಗಿ ಬೀಳಬೇಕಿತ್ತು. ವಾಸ್ತವದಲ್ಲಿ, ಕೆಂಟಕಿಯಲ್ಲಿ 2016ರಲ್ಲಿ ತೆರೆದ ನೋಹನ ನಾವೆಯ ಪ್ರದರ್ಶನದ ಪ್ರಕಾರ ನಾವೆಯಲ್ಲಿದ್ದದ್ದು ಸುಮಾರು 1,400 ಮೂಲಜಾತಿಗಳು. ಕುದುರೆ, ಕತ್ತೆ, ಜೀಬ್ರಾಗಳೆಲ್ಲ ಒಂದೇ ಜೋಡಿಯಿಂದ ನಾಲ್ಕೈದು ಸಾವಿರ ವರ್ಷಗಳಲ್ಲಿ ಕವಲೊಡೆದವು. ಇದು ಯಾವ ವಿಕಾಸವಾದಿಯೂ ಹೇಳುವ ಧೈರ್ಯ ಮಾಡದಷ್ಟು ವೇಗದ ವಿಕಾಸ. ತಕರಾರು ಬದಲಾವಣೆಯ ಮೇಲಲ್ಲ, ಮನುಷ್ಯನನ್ನೂ ಆ ಮರದ ಕೊಂಬೆಯಾಗಿಸುವುದರ ಮೇಲೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ.

ಸಮೀಕ್ಷೆಗಳೂ ಇದನ್ನೇ ಸೂಚಿಸುತ್ತವೆ. ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯ ವಿಕಾಸ ಹೊಂದಿದನೇ ಇಲ್ಲವೇ ಎಂದಷ್ಟೇ ಮೊದಲು ಕೇಳಿದಾಗ ಅಮೆರಿಕನ್ನರಲ್ಲಿ ಶೇ. 31 ಮಂದಿ ನಿರಾಕರಿಸಿದರು. ದೇವರ ಪಾತ್ರವಿರುವ ವಿಕಾಸ ಎಂಬ ಆಯ್ಕೆಯನ್ನು ಅದೇ ಪ್ರಶ್ನೆಯೊಳಗೆ ಸೇರಿಸಿದಾಗ ನಿರಾಕರಿಸಿದವರು ಶೇ. 18 ಮಾತ್ರ. ಬಿಳಿಯ ಇವ್ಯಾಂಜೆಲಿಕಲ್ ಪ್ರಾಟೆಸ್ಟಂಟರಲ್ಲಿ ಈ ಇಳಿಕೆ ಶೇ. 66ರಿಂದ ಶೇ. 38ಕ್ಕೆ. ಆದರೂ ಉಳಿದ ಶೇ. 38 ಸಣ್ಣ ಸಂಖ್ಯೆಯಲ್ಲ. ದೇವರಿಗೆ ಜಾಗ ಕೊಟ್ಟರೂ ಅವರಿಗೆ ತೃಪ್ತಿಯಿಲ್ಲ, ಏಕೆಂದರೆ ಅವರ ಪ್ರಶ್ನೆ ದೇವರ ಜೊತೆಗೆ ಆದಾಮನದೂ ಹೌದು.

ಇಂದಿನ ಸ್ಥಿತಿ

ಮನುಷ್ಯನನ್ನು ದೇವರು ಈಗಿನ ರೂಪದಲ್ಲೇ ಕಳೆದ ಹತ್ತು ಸಾವಿರ ವರ್ಷಗಳೊಳಗೆ ಸೃಷ್ಟಿಸಿದನೆನ್ನುವ ಅಮೆರಿಕನ್ನರು ಗ್ಯಾಲಪ್ ಸಮೀಕ್ಷೆಯ ಪ್ರಕಾರ 1982ರಲ್ಲಿ ಶೇ. 44 ಇದ್ದರು, 2017ರಲ್ಲಿ ಶೇ. 38. ಟರ್ಕಿ 2017ರಲ್ಲಿ ವಿಕಾಸವನ್ನು ಪ್ರೌಢಶಾಲಾ ಪಠ್ಯದಿಂದ ತೆಗೆಯಿತು. ಭಾರತದಲ್ಲಿ 2018ರ ಜನವರಿಯಲ್ಲಿ ಕೇಂದ್ರ ಸಚಿವ ಸತ್ಯಪಾಲ್ ಸಿಂಗ್, ಕೋತಿ ಮನುಷ್ಯನಾದದ್ದನ್ನು ಯಾವ ಪೂರ್ವಿಕರೂ ಹೇಳಿಲ್ಲವಾದ್ದರಿಂದ ಡಾರ್ವಿನ್ ಸಿದ್ಧಾಂತ ತಪ್ಪು ಎಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆಯಲ್ಲಿ ಅದನ್ನು ಅಲ್ಲಗಳೆದವು. ಎನ್‌ಸಿಇಆರ್‌ಟಿ 10ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟದ್ದನ್ನು 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರದಲ್ಲಿ ಪ್ರತಿಭಟಿಸಿದರು. ಪಾಠದ ಹೊರೆ ತಗ್ಗಿಸುವುದು ಅಧಿಕೃತವಾಗಿ ಕೊಟ್ಟ ಕಾರಣ. ಆ ನಿರ್ಧಾರವನ್ನು ಧಾರ್ಮಿಕ ಆಕ್ಷೇಪವೆಂದು ಎಣಿಸಲು ಅದಷ್ಟೇ ಸಾಲದು.

ವಿಕಾಸವನ್ನು ಒಪ್ಪುವ ಆಸ್ತಿಕರ ನಡುವೆ ಚರ್ಚೆ ಈಗ ತಳಿವಿಜ್ಞಾನಕ್ಕೆ ಸರಿದಿದೆ. ಮಾನವ ಜೀನೋಮಿನ ವೈವಿಧ್ಯದಿಂದ ನಮ್ಮ ಪೂರ್ವಜರ ಸಂಖ್ಯೆ ಇತ್ತೀಚಿನ ಕೆಲವು ಲಕ್ಷ ವರ್ಷಗಳಲ್ಲಿ ಇಬ್ಬರಿಗೆ ಇಳಿದಿರಲಾರದೆಂದು ತಿಳಿಯುತ್ತದೆ. ತಳಿವಿಜ್ಞಾನಿ ಫ್ರಾನ್ಸಿಸ್ ಕಾಲಿನ್ಸ್ 2007ರಲ್ಲಿ ಸ್ಥಾಪಿಸಿದ ಬಯೋಲೋಗೋಸ್ ಸಂಸ್ಥೆಯ ವಲಯದಲ್ಲಿ ಆದಾಮನನ್ನು ಸಂಕೇತವೆಂದೋ, ಒಂದು ಜನಸಮೂಹದ ಪ್ರತಿನಿಧಿಯೆಂದೋ ಓದುವವರಿದ್ದಾರೆ. ಜೀವವಿಜ್ಞಾನಿ ಎಸ್. ಜೋಶುವಾ ಸ್ವಾಮಿದಾಸ್ 2019ರ ಪುಸ್ತಕದಲ್ಲಿ ಬೇರೊಂದು ದಾರಿ ಹಿಡಿದರು: ಕೆಲವೇ ಸಾವಿರ ವರ್ಷಗಳ ಹಿಂದೆ ನೇರವಾಗಿ ಸೃಷ್ಟಿಯಾದ ದಂಪತಿಯ ಸಂತತಿ ಹೊರಗಿನ, ವಿಕಾಸದಿಂದ ಬಂದ ಜನರೊಂದಿಗೆ ಬೆರೆತಿದ್ದರೆ, ಜೀನುಗಳಲ್ಲಿ ಗುರುತು ಉಳಿಯದೆಯೂ ಆ ದಂಪತಿ ಇಂದಿನ ಎಲ್ಲರ ವಂಶಾವಳಿಯಲ್ಲಿ ಇರಬಲ್ಲರು. ಇಸ್ಲಾಮಿಕ ದೇವತಾಶಾಸ್ತ್ರದಲ್ಲಿ ಡೇವಿಡ್ ಸಾಲೊಮನ್ ಜಲಾಜೆಲ್, ಉಳಿದ ಜೀವಿಗಳ ಜೊತೆಗೆ ಬೇರೆ ಮಾನವರೂ ವಿಕಾಸದಿಂದ ಬಂದಿರಬಹುದು, ಆದಾಮ ಮಾತ್ರ ಪವಾಡದ ಸೃಷ್ಟಿ ಎಂದು ಸ್ವತಂತ್ರವಾಗಿಯೇ ಇದಕ್ಕೆ ಸಮೀಪದ ನಿಲುವಿಗೆ ಬಂದಿದ್ದಾರೆ.